ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಒಂಟಿಮನೆಗಳ ಊರು: ಈಗಲೇ ಮಾಡಿಕೊಳ್ಳಬೇಕಾದ ತಯಾರಿ ಏನು?

ತುಂಗೆದಡ (ತೀರ್ಥಹಳ್ಳಿ ತಾಲೂಕು) ಕೇಳಿದ ಪ್ರಶ್ನೆ

ನಮ್ಮದು ಆಗುಂಬೆಯ ಕಡೆಗಿರುವ ಒಂದು ಸಣ್ಣ ಊರು. ಊರೆಂದರೆ ಸಾಲುಮನೆಗಳ ಕೇರಿಯಲ್ಲ. ಗುಡ್ಡದ ಓರೆಯಲ್ಲಿ, ತೋಟದ ತಲೆಯಲ್ಲಿ, ಹಳ್ಳದ ಆಚೆ ದಡದಲ್ಲಿ ಹರಡಿಕೊಂಡಿರುವ ಹನ್ನೊಂದು ಮನೆಗಳು. ಒಂದು ಮನೆಯ ಅಂಗಳದಲ್ಲಿ ನಿಂತರೆ ಇನ್ನೊಂದು ಮನೆಯ ಮಾಡು ಕಾಣುವುದು ಎರಡು ಮೂರು ಕಡೆ ಮಾತ್ರ. ಪುನರ್ವಸು ಮಳೆ ಹಿಡಿಯಿತೆಂದರೆ ಕರೆಂಟ್ ಹೋಗುವುದು ನಮಗೆ ಹೊಸದೇನಲ್ಲ, ಮತ್ತು ಒಂದೊಂದು ಮನೆಯ ಮಟ್ಟಿಗೆ ತಯಾರಿಯ ಕೊರತೆಯೂ ಇಲ್ಲ. ಕಟ್ಟಿಗೆ ಮೇ ತಿಂಗಳಲ್ಲೇ ಕೊಟ್ಟಿಗೆ ಸೇರುತ್ತದೆ. ಅಕ್ಕಿ, ಬೆಲ್ಲ, ಹಪ್ಪಳ, ಉಪ್ಪಿನಕಾಯಿಗಳಿಗೆ ಯಾರೂ ಪರದಾಡುವುದಿಲ್ಲ.

ನನ್ನ ಆತಂಕ ಬೇರೆ. ಮನೆಗಳು ಅವೇ ಇದ್ದರೂ ಅವುಗಳಲ್ಲಿ ಉಳಿದಿರುವವರು ಬದಲಾಗಿದ್ದಾರೆ. ಐದು ಮನೆಗಳಲ್ಲಿ ಎಪ್ಪತ್ತು ದಾಟಿದ ದಂಪತಿಗಳು ಅಥವಾ ಒಂಟಿ ಹಿರಿಯರು ಇದ್ದಾರೆ, ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದಾರೆ. ಬಾವಿಗೆ ಪಂಪು ಬಂದ ಮೇಲೆ ಹಲವರು ರಾಟೆ ಹಗ್ಗಗಳನ್ನು ತೆಗೆದೇ ಹಾಕಿದ್ದಾರೆ. ಕಳೆದ ವರ್ಷದ ಆಶ್ಲೇಷ ಮಳೆಯಲ್ಲಿ ಕರೆಂಟ್ ಹೋಗಿ, ಅದರ ಹಿಂದೆಯೇ ಮೊಬೈಲ್ ಟವರ್ ಕೂಡ ಸ್ತಬ್ಧವಾದಾಗ, ಹಳ್ಳದಾಚೆಯ ಮನೆಯ ಹಿರಿಯರೊಬ್ಬರು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಈಚೆ ದಡದ ನಮಗೆ ವಿಷಯ ತಿಳಿದದ್ದು ಮರುದಿನ ಸಂಜೆ. ನಮ್ಮ ಊರಿಗೆಂದೇ ಒಂದು ವಾಟ್ಸ್‌ಆ್ಯಪ್ ಗುಂಪು ಇದೆ; ಆದರೆ ನಿಜವಾಗಿ ಬೇಕಾದ ಹೊತ್ತಿನಲ್ಲಿ ಅದರಿಂದ ಪ್ರಯೋಜನವಾಗುವುದಿಲ್ಲ ಎಂಬುದು ಆ ದಿನ ಎಲ್ಲರಿಗೂ ಸ್ಪಷ್ಟವಾಯಿತು.

ಈಗ ರೋಹಿಣಿ ಮಳೆಯ ಕಾಲ. ಇನ್ನೂ ಎರಡು ಮೂರು ವಾರಗಳ ಬಿಡುವಿದೆ. ಹನ್ನೊಂದೂ ಮನೆಯವರನ್ನು ಒಂದು ಕಡೆ ಕೂರಿಸಿ ಮಾತನಾಡಬೇಕೆಂದಿದ್ದೇನೆ. ಕರೆಂಟೂ ಟವರೂ ಎರಡೂ ಇಲ್ಲದಿರುವಾಗ ಮನೆಮನೆಗಳ ನಡುವೆ ಸುದ್ದಿ ಸಾಗುವ ದಾರಿ ಯಾವುದು? ಯುವಕರು ಎಲ್ಲರ ಹಣ ಸೇರಿಸಿ ಒಂದು ಜನರೇಟರ್ ಕೊಳ್ಳೋಣ ಎನ್ನುತ್ತಿದ್ದಾರೆ; ಅದು ಸರಿಯಾದ ಖರ್ಚೇ? ಇನ್ಸುಲಿನ್ ತೆಗೆದುಕೊಳ್ಳುವವರು ಇಬ್ಬರಿದ್ದಾರೆ, ಅವರ ವ್ಯವಸ್ಥೆ ಹೇಗೆ? ಇದಲ್ಲದೆ ಎರಡು ಮನೆಗಳ ಹಿಂದಿನ ಧರೆಯಲ್ಲಿ (ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆಯಲ್ಲಿ) ಕಳೆದ ಮಳೆಗಾಲದ ಕೊನೆಗೆ ಬಿರುಕು ಕಾಣಿಸಿಕೊಂಡಿದೆ. ಇಂಥ ಊರುಗಳಲ್ಲಿ ಬದುಕುವವರು, ಕೆಲಸ ಮಾಡಿದವರು ತಮ್ಮ ಅನುಭವ ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಲೈನ್‌ಮನ್ (ಕೊಪ್ಪ) ಅವರ ಉತ್ತರ

ಮಲೆನಾಡಿನ ಲೈನುಗಳ ಮೇಲೆ ಸೇವೆಯ ಬಹುಭಾಗವನ್ನು ಕಳೆದವನಾದ್ದರಿಂದ ವಿದ್ಯುತ್ತಿಗೆ ಸಂಬಂಧಿಸಿದಷ್ಟನ್ನು ವಿವರವಾಗಿ ಹೇಳುತ್ತೇನೆ.

ಗಾಳಿಮಳೆಗೆ ವ್ಯವಸ್ಥೆ ಕುಸಿದಾಗ ದುರಸ್ತಿ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಮೊದಲು ಉಪಕೇಂದ್ರಕ್ಕೆ ಬರುವ ಲೈನು, ಆಮೇಲೆ 11 ಕೆವಿ ಫೀಡರ್, ಆಮೇಲೆ ಅದರ ಕವಲುಗಳು, ಆಮೇಲೆ ಒಂದೊಂದೇ ಟಿಸಿ (ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್), ಕಟ್ಟಕಡೆಗೆ ಟಿಸಿಯಿಂದ ಮನೆಗೆ ಬರುವ ತಂತಿ. ಕಾಡಿನೊಳಗಿನ ಕೊನೆಯ ಟಿಸಿಯ ಮೇಲೆ ನಾಲ್ಕೈದು ಮನೆಗಳಷ್ಟೇ ಇದ್ದರೆ ಆ ಮನೆಗಳ ಸರದಿ ಕೊನೆಗೇ ಬರುತ್ತದೆ. ಅದರಲ್ಲಿ ಯಾರ ಉದಾಸೀನವೂ ಇಲ್ಲ. ಇದನ್ನು ಒಪ್ಪಿಕೊಂಡು, ನಿಮ್ಮ ಸರದಿ ಬಂದಾಗ ಒಂದು ಗಂಟೆಯೂ ವ್ಯರ್ಥವಾಗದಂತೆ ನೋಡಿಕೊಳ್ಳುವುದು ಊರಿನವರ ಕೈಯಲ್ಲಿದೆ. ನಿಮ್ಮ ಟಿಸಿಯ ಕಂಬದ ಮೇಲೆ ಬರೆದಿರುವ ಹೆಸರು ಮತ್ತು ಸಂಖ್ಯೆ, ನಿಮಗೆ ಬರುವ ಫೀಡರಿನ ಹೆಸರು, ಬಿಲ್ಲಿನ ಮೇಲಿರುವ ಆರ್‌ಆರ್ ಸಂಖ್ಯೆ ಇವನ್ನು ಪ್ರತಿ ಮನೆಯಲ್ಲೂ ಕಾಗದದ ಮೇಲೆ ಬರೆದಿಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಅಥವಾ ಶಾಖಾ ಕಚೇರಿಗೆ ದೂರು ಕೊಡುವಾಗ 'ನಮ್ಮಲ್ಲಿ ಕರೆಂಟಿಲ್ಲ' ಎನ್ನುವುದಕ್ಕೂ, 'ಇಂಥ ಟಿಸಿಯಿಂದ ಮೂರನೆಯ ಕಂಬದ ಮೇಲೆ ಅಕೇಶಿಯಾ ಮರ ಬಿದ್ದಿದೆ, ಕಂಬ ಮುರಿದಿಲ್ಲ, ತಂತಿ ತುಂಡಾಗಿದೆ, ಜೀಪು ಮೋರಿಯವರೆಗೆ ಬರುತ್ತದೆ' ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯ ಮಾತು ಕೇಳಿದ ಸಿಬ್ಬಂದಿ ಬೇಕಾದ ಸಾಮಾನನ್ನು ಹೊತ್ತುಕೊಂಡೇ ಹೊರಡುತ್ತಾರೆ.

ಲೈನಿಗೆ ತಾಗುವ ಕೊಂಬೆಗಳನ್ನು ಈಗಲೇ ಕಡಿಯಬೇಕು, ಆದರೆ ನೀವೇ ಹತ್ತಬೇಡಿ. ಶಾಖಾ ಕಚೇರಿಗೆ ಬರೆದುಕೊಟ್ಟು, ಅವರು ಲೈನ್ ಕ್ಲಿಯರ್ (ಲೈನ್ ಆಫ್ ಮಾಡಿಸಿ ಕೆಲಸಕ್ಕೆ ಪಡೆಯುವ ಅನುಮತಿ) ತೆಗೆದುಕೊಂಡು ಬಂದ ದಿನ ಊರಿನವರು ಕತ್ತಿ, ಹಗ್ಗ ಹಿಡಿದು ಜೊತೆಗೆ ನಿಂತರೆ ಒಂದು ದಿನದಲ್ಲಿ ಕೆಲಸ ಮುಗಿಯುತ್ತದೆ. ಅಡಿಕೆ ತೋಟದವರಿಗೆ ಒಂದು ಮಾತು: ಅಲ್ಯುಮಿನಿಯಂ ದೋಟಿ (ಉದ್ದನೆಯ ಕೋಲು) ಮಾತ್ರ ಅಪಾಯಕಾರಿ ಎಂಬ ನಂಬಿಕೆ ತಪ್ಪು. ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ತನ್ನು ಹರಿಸುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವಾಗಲೂ ಅಡಿಕೆ ಗೊನೆ ಇಳಿಸುವಾಗಲೂ ಲೈನಿನ ಹತ್ತಿರದ ಸಾಲುಗಳನ್ನು ಲೈನ್ ಆಫ್ ಮಾಡಿಸಿಕೊಳ್ಳದೆ ಮುಟ್ಟಬಾರದು.

ಬಿದ್ದ ತಂತಿಯನ್ನು ಕಂಡರೆ ಊರಿನಲ್ಲೆಲ್ಲ ಕರೆಂಟ್ ಇಲ್ಲದಿದ್ದರೂ ಅದು ಜೀವಂತ ತಂತಿ ಎಂದೇ ತಿಳಿಯಿರಿ. ಒದ್ದೆ ನೆಲದಲ್ಲಿ ವಿದ್ಯುತ್ತು ಸುತ್ತಲಿನ ಮಣ್ಣಿಗೂ ಹರಡುತ್ತದೆ, ಎರಡು ಕಾಲುಗಳ ನಡುವಿನ ಅಂತರವೇ ಆಘಾತಕ್ಕೆ ಕಾರಣವಾಗುತ್ತದೆ. ಕನಿಷ್ಠ 30 ಅಡಿ ದೂರ ಉಳಿಯಬೇಕು. ಅರಿಯದೆ ಹತ್ತಿರ ಹೋಗಿದ್ದರೆ ಓಡದೆ, ಪಾದಗಳನ್ನು ನೆಲದಿಂದ ಎತ್ತದೆ, ಒಂದಕ್ಕೊಂದು ತಾಗಿಸಿಕೊಂಡು ಎಳೆಯುತ್ತಾ ಹಿಂದೆ ಸರಿಯಬೇಕು. ದನಗಳನ್ನು ಬಿಡುವ ಮುಂಚೆ ಬೆಳಿಗ್ಗೆ ಒಬ್ಬರು ಲೈನಿನ ಉದ್ದಕ್ಕೂ ದೂರದಿಂದ ನೋಡಿ ಬರುವ ಪದ್ಧತಿಯನ್ನು ಇಟ್ಟುಕೊಳ್ಳಿ.

ಇನ್ನು ಜನರೇಟರಿನ ವಿಚಾರ. ಅದನ್ನು ಮನೆಯ ಪ್ಲಗ್ಗಿಗೆ ನೇರವಾಗಿ ಚುಚ್ಚಿ ಮನೆಯಿಡೀ ಬೆಳಗಿಸುವ ಅಭ್ಯಾಸವನ್ನು ನಾನು ಕಂಡಿದ್ದೇನೆ, ಮತ್ತು ಅದಕ್ಕೆ ಹೆದರುತ್ತೇನೆ. ಮೇನ್ ಸ್ವಿಚ್ ಆಫ್ ಆಗಿರದಿದ್ದರೆ ಆ 230 ವೋಲ್ಟ್ ಹಿಂದಕ್ಕೆ ಹರಿದು ಟಿಸಿಯನ್ನು ತಲುಪುತ್ತದೆ, ಟಿಸಿ ಅದನ್ನು 11,000 ವೋಲ್ಟಿಗೆ ಏರಿಸಿ ಲೈನಿಗೆ ಕಳುಹಿಸುತ್ತದೆ. ಲೈನು ಸತ್ತಿದೆಯೆಂದು ನಂಬಿ ಮಳೆಯಲ್ಲಿ ಕಂಬ ಹತ್ತಿದವನ ಪ್ರಾಣ ಹೋಗುತ್ತದೆ. ಚೇಂಜ್‌ಓವರ್ ಸ್ವಿಚ್ (ಲೈನು, ಜನರೇಟರ್ ಎರಡರಲ್ಲಿ ಒಂದು ಮಾತ್ರ ಮನೆಗೆ ಸೇರುವಂತೆ ಮಾಡುವ ಸ್ವಿಚ್) ಹಾಕಿಸದೆ ಜನರೇಟರ್ ತರುವುದೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಆದ್ದರಿಂದ ಮಳೆಯೆಂದು ಜಗಲಿಯಲ್ಲೋ ಕೊಟ್ಟಿಗೆಯಲ್ಲೋ ಇಟ್ಟು ಓಡಿಸುವಂತಿಲ್ಲ. ಬರಿಯ ಬೆಳಕಿಗಾಗಿಯಾದರೆ ಜನರೇಟರ್ ಬೇಡವೆಂಬುದೇ ನನ್ನ ಅಭಿಪ್ರಾಯ. 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಇದ್ದವರು ಫ್ಯಾನು, ಟಿವಿ, ಫ್ರಿಜ್ಜುಗಳನ್ನು ಬಿಟ್ಟು 9 ವ್ಯಾಟಿನ ಎರಡು ಎಲ್‌ಇಡಿ ಬಲ್ಬು ಮತ್ತು ಫೋನ್ ಚಾರ್ಜಿಗಷ್ಟೇ ಬಳಸಿದರೆ ಹಲವು ರಾತ್ರಿಗಳು ಕಳೆಯುತ್ತವೆ.

ಕರೆಂಟ್ ಮರಳಿದಾಗ ಬಲ್ಬುಗಳು ಅತಿಯಾಗಿ ಬೆಳಗಿದರೆ ಅಥವಾ ಒಂದು ಕೋಣೆಯಲ್ಲಿ ಮಂಕು, ಇನ್ನೊಂದರಲ್ಲಿ ಪ್ರಖರವಾಗಿ ಉರಿದರೆ ನ್ಯೂಟ್ರಲ್ ತಂತಿ ತುಂಡಾಗಿರುವ ಸಂಭವವಿದೆ. ಒಡನೆಯೇ ಮೇನ್ ಆಫ್ ಮಾಡಿ ತಿಳಿಸಿ.

ಕಾಫಿತೋಟ (ಮಡಿಕೇರಿ ತಾಲೂಕು) ಅವರ ಉತ್ತರ

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಬಂದ ಧರೆಯ ಬಿರುಕನ್ನು ನೀವು ಮೊದಲು ಬರೆಯಬೇಕಿತ್ತೆಂದು ನನಗೆ ಅನ್ನಿಸಿತು. ಕರೆಂಟ್ ಇಲ್ಲದೆ ಹತ್ತು ದಿನ ಬದುಕಬಹುದು. 2018ರ ಆಗಸ್ಟ್ ಮಧ್ಯಭಾಗದಲ್ಲಿ ನಮ್ಮ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆಗಳ ಕಡೆ ಗುಡ್ಡ ಜರಿದಾಗ ಎಚ್ಚರಿಕೆಗೆ ಸಿಕ್ಕ ಸಮಯ ಬಹಳ ಕಡಿಮೆ. 2020ರ ಆಗಸ್ಟ್ 6ರಂದು ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಜರಿದಾಗ ಮನೆಯಲ್ಲಿ ಇದ್ದವರು ಮಣ್ಣಿನಡಿ ಸಿಲುಕಿದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿಗೆ ಇಳಿದಾಗ ನೀರು ಉಕ್ಕಿ, ಎದುರು ದಡದ ಉಳುವರೆಯ ಮನೆಗಳೂ ಹಾಳಾದವು. ಪುನರ್ವಸು, ಪುಷ್ಯ, ಆಶ್ಲೇಷ ಈ ಮೂರು ಮಳೆಗಳ ಅವಧಿಯೇ ಹೆಚ್ಚು ಅಪಾಯದ್ದು, ಏಕೆಂದರೆ ಅಷ್ಟರಲ್ಲಿ ಮಣ್ಣು ನೀರು ಕುಡಿದು ತುಂಬಿರುತ್ತದೆ ಮತ್ತು ಅದರ ಮೇಲೆ ಒಂದು ದೊಡ್ಡ ಮಳೆ ಬೀಳುತ್ತದೆ.

ಆ ಎರಡು ಮನೆಗಳ ಹಿಂದಿನ ಬಿರುಕಿಗೆ ಈಗಲೇ ಜೇಡಿಮಣ್ಣು ತುಂಬಿ ಗಟ್ಟಿಯಾಗಿ ಬಡಿದು, ಮೇಲಿನಿಂದ ಹರಿದು ಬರುವ ನೀರು ಅದರೊಳಗೆ ಇಳಿಯದಂತೆ ಮೇಲ್ಭಾಗದಲ್ಲಿ ಅಗಳು ತೋಡಿ ಪಕ್ಕಕ್ಕೆ ತಿರುಗಿಸಿ. ಇದು ಪರಿಹಾರವಲ್ಲ, ಒಂದಷ್ಟು ಭಾರ ತಗ್ಗಿಸುವ ಉಪಾಯ ಮಾತ್ರ. ಪಂಚಾಯಿತಿಗೂ ತಹಶೀಲ್ದಾರರ ಕಚೇರಿಗೂ ಲಿಖಿತವಾಗಿ ತಿಳಿಸಿ, ಸ್ಥಳಪರಿಶೀಲನೆಗೆ ಒತ್ತಾಯಿಸಿ. ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು ಅವುಗಳ ನಡುವಿನ ಅಂತರವನ್ನು ಅಳೆದು ಬರೆದಿಟ್ಟುಕೊಳ್ಳಿ. ಮಳೆಗಾಲದಲ್ಲಿ ದಿನವೂ ಬೆಳಿಗ್ಗೆ ಅಳೆಯಿರಿ. ಅಂತರ ಹೆಚ್ಚಿದರೆ ಚರ್ಚೆಯ ಅಗತ್ಯವಿಲ್ಲ, ಮನೆ ಬಿಡಬೇಕು. ಹಿಂದೆ ಇಲ್ಲದಿದ್ದ ಕಡೆ ಜಲ ಒಡೆಯುವುದು, ಇದ್ದ ಒರತೆ ಏಕಾಏಕಿ ನಿಲ್ಲುವುದು, ತಿಳಿಯಾಗಿದ್ದ ತೊರೆ ಕೆಸರಾಗುವುದು, ಮರ ಮತ್ತು ಕಂಬಗಳು ವಾಲುವುದು, ಬಾಗಿಲುಗಳು ಚೌಕಟ್ಟಿಗೆ ಹಿಡಿದುಕೊಳ್ಳುವುದು ಇವೂ ಅಷ್ಟೇ ಗಂಭೀರ ಸೂಚನೆಗಳು.

ಮಳೆಯನ್ನು ನೀವೇ ಅಳೆಯಿರಿ. ನಮ್ಮ ಕಡೆ ತೋಟಗಳಲ್ಲಿ ಮಳೆಮಾಪಕ ಇಟ್ಟು ಇಂಚು, ಸೆಂಟುಗಳ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ತಲೆಮಾರುಗಳಿಂದ ಬರೆದಿಡುತ್ತಾರೆ. ಮಾಪಕ ಇಲ್ಲದಿದ್ದರೆ ತಳವೂ ಬಾಯಿಯೂ ಒಂದೇ ಅಗಲವಿರುವ ನೇರ ಪಾತ್ರೆಯನ್ನು ಮರದ ಮರೆಯಿಲ್ಲದ ಕಡೆ ಇಟ್ಟು, ಬೆಳಿಗ್ಗೆ ಎಂಟೂವರೆಗೆ ನಿಂತ ನೀರಿನ ಎತ್ತರವನ್ನು ಅಳೆದರೂ ಸಾಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿಲಿಮೀಟರಿನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ದಾಟಿದರೆ ಅತ್ಯಧಿಕ ಮಳೆ. ಇಂಚಿನಲ್ಲಿ ಹೇಳುವುದಾದರೆ ಸುಮಾರು ಎರಡೂವರೆ, ನಾಲ್ಕೂವರೆ ಮತ್ತು ಎಂಟು. ಆಗುಂಬೆಯ ಸುತ್ತಿನವರಿಗೆ ಎರಡೂವರೆ ಇಂಚು ದೊಡ್ಡದೆನಿಸುವುದಿಲ್ಲ ಎಂಬುದು ನನಗೆ ಗೊತ್ತು. ಹಾಗಾಗಿ ಒಂದು ದಿನದ ಲೆಕ್ಕಕ್ಕಿಂತ ಸತತ ಮೂರು ದಿನಗಳ ಒಟ್ಟು ಮೊತ್ತವನ್ನು ಗಮನಿಸುವುದು ನಿಮಗೆ ಹೆಚ್ಚು ಉಪಯುಕ್ತ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಅವರ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿ ನಿಮ್ಮ ಹೋಬಳಿಯ ಮುನ್ಸೂಚನೆಯನ್ನು ಕೇಳಬಹುದು. ಫೋನ್ ನಡೆಯುವಾಗಲೇ ಕೇಳಿ ಎಲ್ಲರಿಗೂ ತಿಳಿಸಿ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077.

ಮನೆ ಬಿಡುವ ತೀರ್ಮಾನವನ್ನು ಹಗಲಿನಲ್ಲೇ ಮಾಡಬೇಕು. ರಾತ್ರಿ ಹತ್ತರ ಮೇಲೆ, ಜಡಿಮಳೆಯಲ್ಲಿ, ಟಾರ್ಚಿನ ಬೆಳಕಿನಲ್ಲಿ ವೃದ್ಧರನ್ನು ಹೊತ್ತುಕೊಂಡು ಹಳ್ಳ ದಾಟುವುದು ಮನೆಯಲ್ಲಿ ಉಳಿಯುವಷ್ಟೇ ಅಪಾಯದ ಕೆಲಸ. ಆ ಎರಡು ಮನೆಯವರು ಯಾರ ಮನೆಗೆ ಹೋಗಬೇಕು, ಯಾವ ದಾರಿಯಲ್ಲಿ ಹೋಗಬೇಕು ಎಂಬುದು ನಿಮ್ಮ ಸಭೆಯಲ್ಲೇ ನಿಶ್ಚಯವಾಗಲಿ, ಮತ್ತು ಆ ದಾರಿಯಲ್ಲಿ ಕಾಲುಸಂಕ (ಹಳ್ಳ ದಾಟುವ ಕಿರಿದಾದ ಕಾಲುಸೇತುವೆ) ಇರದಿರಲಿ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ಕೊಚ್ಚಿಹೋದಳು. ದಿನವೂ ದಾಟುವ ಸಂಕವೆಂಬ ಸಲುಗೆಯನ್ನು ಮಳೆಗಾಲದಲ್ಲಿ ಬಿಡಬೇಕು.

ಶುಶ್ರೂಷಕಿ (ಹೊಸನಗರ) ಅವರ ಉತ್ತರ

ಇನ್ಸುಲಿನ್ ವಿಚಾರದಲ್ಲಿ ಮೊದಲು ಒಂದು ಸಮಾಧಾನದ ಮಾತು. ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕೆಂಬುದು ನಿಯಮವಾದರೂ, ಬಳಕೆಯಲ್ಲಿರುವ ಸೀಸೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿಯೊಳಗಿನ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ಆಷಾಢದ ಮಲೆನಾಡಿನ ಮನೆಯೊಳಗೆ ಅಷ್ಟು ಸೆಕೆ ಇರುವುದಿಲ್ಲ. ಇಲ್ಲಿ ನಿಜವಾದ ಅಪಾಯ ಒಲೆಯದು: ಮಳೆಗಾಲದಲ್ಲಿ ಎಲ್ಲವನ್ನೂ ಒಲೆಯ ಪಕ್ಕದ ಗೂಡಿನಲ್ಲಿ ಬೆಚ್ಚಗಿಡುವ ರೂಢಿಯಿಂದ ಔಷಧಿಗಳೂ ಅಲ್ಲಿಗೇ ಹೋಗುತ್ತವೆ. ಇನ್ಸುಲಿನ್ ಅನ್ನು ಒಳಕೋಣೆಯಲ್ಲಿ, ಒದ್ದೆ ಮರಳು ತುಂಬಿದ ಮಣ್ಣಿನ ಪಾತ್ರೆಯೊಳಗೆ ಇನ್ನೊಂದು ಸಣ್ಣ ಪಾತ್ರೆಯಿಟ್ಟು, ನೀರು ತಾಗದಂತೆ ಮುಚ್ಚಿಡಿ. ರಕ್ತದೊತ್ತಡ, ಸಕ್ಕರೆ, ಹೃದಯ, ಮೂರ್ಛೆರೋಗದ ಮಾತ್ರೆಗಳು ಜೂನ್ ಆರಂಭದಿಂದಲೇ ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿರಲಿ, ಮತ್ತು ಮಾತ್ರೆಯ ಹೆಸರು, ಪ್ರಮಾಣಗಳನ್ನು ಬರೆದ ಚೀಟಿ ಪಕ್ಕದ ಮನೆಯಲ್ಲೂ ಇರಲಿ.

ಕೆಲವರ ವಿಷಯದಲ್ಲಿ ಊರಿನಲ್ಲೇ ವ್ಯವಸ್ಥೆ ಮಾಡುವುದು ತರವಲ್ಲ. ಹೆರಿಗೆಯ ದಿನ ಜುಲೈ, ಆಗಸ್ಟಿನಲ್ಲಿದ್ದರೆ ಗರ್ಭಿಣಿಯನ್ನು ಎರಡು ವಾರ ಮುಂಚೆಯೇ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಕಳುಹಿಸಬೇಕು. ಡಯಾಲಿಸಿಸ್‌ಗೆ ಹೋಗುವವರೂ ಆ ಎರಡು ತಿಂಗಳು ಪೇಟೆಯಲ್ಲಿರುವುದು ಕ್ಷೇಮ. ಆಮ್ಲಜನಕದ ಯಂತ್ರ ಬಳಸುವವರಿದ್ದರೆ ಆ ಯಂತ್ರವೊಂದೇ 300 ವ್ಯಾಟಿನ ಆಸುಪಾಸು ವಿದ್ಯುತ್ತನ್ನು ಎಳೆಯುತ್ತದೆ. ಮನೆಯ ಇನ್ವರ್ಟರ್ ಅದನ್ನು ನಾಲ್ಕು ಗಂಟೆ ನಡೆಸಿದರೆ ಹೆಚ್ಚು. ಇಲ್ಲಿ ಮಾತ್ರ ನಾನು ನಿವೃತ್ತ ಲೈನ್‌ಮನ್ ಅವರಿಗಿಂತ ಭಿನ್ನವಾಗಿ ಹೇಳುತ್ತೇನೆ: ಅಂಥವರೊಬ್ಬರಿದ್ದರೂ ಊರಿಗೊಂದು ಜನರೇಟರ್ ಬೇಕು, ಅವರು ಹೇಳಿದ ಎಚ್ಚರಿಕೆಗಳೊಂದಿಗೆ, ಜೊತೆಗೆ ಒಂದು ತುಂಬಿದ ಸಿಲಿಂಡರೂ ಇರಬೇಕು.

ಕುಡಿಯುವ ನೀರಿನ ಬಗ್ಗೆ ನೀವು ಕೇಳಿಲ್ಲ, ಆದರೆ ರಾಟೆ ತೆಗೆದುಹಾಕಿರುವ ವಿಷಯ ಓದಿ ಕಳವಳವಾಯಿತು. ರಾಟೆ, ಹಗ್ಗಗಳನ್ನು ಈ ವಾರವೇ ಮತ್ತೆ ಹಾಕಿಸಿ. ಹೊರನೀರು ಬಾವಿಗೆ ಇಳಿದಿದ್ದರೆ ಬ್ಲೀಚಿಂಗ್ ಪುಡಿಯಿಂದ ಶುದ್ಧೀಕರಿಸಬೇಕಾಗುತ್ತದೆ. ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಲೀಟರುಗಳ ಲೆಕ್ಕ ಸಿಗುತ್ತದೆ. ಎರಡು ಮೀಟರ್ ವ್ಯಾಸದ ಬಾವಿಯಲ್ಲಿ ಐದು ಮೀಟರ್ ನೀರಿದ್ದರೆ 15,700 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಎಂದರೆ ಸುಮಾರು 40 ಗ್ರಾಂ ಒಳ್ಳೆಯ ಪುಡಿ ಸಾಕು. ಪುಡಿಯನ್ನು ಬಕೆಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿಕೊಳ್ಳಬೇಕು. ಆ ಬಕೆಟನ್ನು ಹಗ್ಗದಲ್ಲಿ ಇಳಿಸಿ ನೀರಿನೊಳಗೆ ಮೇಲೆ ಕೆಳಗೆ ಎಳೆದಾಡಿದರೆ ತಿಳಿ ಚೆನ್ನಾಗಿ ಬೆರೆಯುತ್ತದೆ. ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ರಾತ್ರಿ ಮಾಡಿ ಬೆಳಿಗ್ಗೆ ಬಳಸುವುದು ಉತ್ತಮ. ನೀರು ಕೆಂಪಾಗಿ ಕದಡಿದ್ದರೆ ಈ ಪ್ರಮಾಣ ಸಾಲದು, ಆಗ ಆರೋಗ್ಯ ಸಿಬ್ಬಂದಿಯಿಂದ ಕ್ಲೋರಿನ್ ಪರೀಕ್ಷೆ ಮಾಡಿಸಬೇಕು. ಹೇಗಿದ್ದರೂ ಕುಡಿಯುವ ನೀರನ್ನು ಕುದಿಸುವುದನ್ನು ಬಿಡಬೇಡಿ.

ನೆರೆನೀರಿನಲ್ಲಿ ಓಡಾಡಿದವರಿಗೆ ಕೆಲವು ದಿನಗಳ ನಂತರ ಜ್ವರ, ಮೀನಖಂಡಗಳಲ್ಲಿ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರವಿರಬಹುದು. ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರಿಗೆ ತೋರಿಸಿ, ನೀರಿನಲ್ಲಿ ಓಡಾಡಿದ್ದನ್ನು ತಪ್ಪದೆ ಹೇಳಿ.

ತುಂಗೆದಡ ಅವರ ಮರುಮಾತು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಿರುಕಿನ ಎರಡು ಬದಿಗೆ ಇಂದು ಗೂಟ ಹೊಡೆದಿದ್ದೇವೆ. ಟಿಸಿಯ ಸಂಖ್ಯೆಯನ್ನೂ ಬರೆದುಕೊಂಡಾಗಿದೆ. ಆಮ್ಲಜನಕ ಬೇಕಾದವರು ನಮ್ಮಲ್ಲಿ ಸದ್ಯ ಯಾರೂ ಇಲ್ಲದ್ದರಿಂದ ಜನರೇಟರಿನ ಮಾತನ್ನು ಕೈಬಿಡುವಂತೆ ಯುವಕರಿಗೆ ಹೇಳುತ್ತೇನೆ. ಆದರೆ ಸುದ್ದಿ ಮುಟ್ಟಿಸುವ ಪ್ರಶ್ನೆ ಹಾಗೆಯೇ ಉಳಿದಿದೆ. ಮತ್ತೊಂದು ತೊಡಕೆಂದರೆ, ಧರೆಯ ಕೆಳಗಿನ ಮನೆಯ ಅಜ್ಜಿ 'ಹಟ್ಟಿಯಲ್ಲಿ ದನ ಕಟ್ಟಿ ನಾನು ಎಲ್ಲಿಗೂ ಬರುವುದಿಲ್ಲ' ಎನ್ನುತ್ತಿದ್ದಾರೆ.

ಕಾಫಿತೋಟ ಅವರ ಉತ್ತರ

ಅಜ್ಜಿಯ ಮಾತು ನ್ಯಾಯವಾದದ್ದು, ಅದನ್ನು ಹಟವೆಂದು ತಳ್ಳಿಹಾಕಬೇಡಿ. ಆಶ್ಲೇಷ ಮಳೆಯ ನಡುವೆ ಬಂದು ಮನೆ ಬಿಡಿ ಎಂದರೆ ಯಾರೂ ಒಪ್ಪುವುದಿಲ್ಲ. ಅವರು ಹೋಗಿ ಉಳಿಯುವ ಮನೆಯ ಕೊಟ್ಟಿಗೆಯಲ್ಲಿ ಅವರ ದನಗಳಿಗೆ ಜಾಗ, ಗೊಂತು, ಒಣಹುಲ್ಲು ಈಗಲೇ ಸಿದ್ಧವಾಗಲಿ. ಸಾಧ್ಯವಾದರೆ ಮಿಥುನ ಮಾಸದಲ್ಲೇ ದನಗಳನ್ನು ಅಲ್ಲಿಗೆ ಸ್ಥಳಾಂತರಿಸಿ. ದನ ಹೋದ ಕಡೆಗೆ ಅಜ್ಜಿಯೂ ಬರುತ್ತಾರೆ. ಅಷ್ಟಾಗಿಯೂ ಸಮಯ ಸಿಗದ ಪರಿಸ್ಥಿತಿ ಬಂದರೆ ಹಗ್ಗ ಬಿಚ್ಚಿ ದನಗಳನ್ನು ಬಿಟ್ಟು ಹೊರಡಬೇಕೆಂಬುದನ್ನು ಅವರೊಂದಿಗೆ ಮೊದಲೇ ಮಾತನಾಡಿ. ಜಮೀನಿನ ದಾಖಲೆ, ಪಡಿತರ ಚೀಟಿ, ಬ್ಯಾಂಕ್ ಪುಸ್ತಕಗಳನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ, ಹೋಗಿ ಉಳಿಯುವ ಮನೆಯಲ್ಲೇ ಇಡಲಿ.

ಸುದ್ದಿಯ ವಿಷಯದಲ್ಲಿ ನಾವು ಅನುಸರಿಸುವ ಕ್ರಮ ಇದು. ಮನೆಗಳನ್ನು ಎರಡೆರಡಾಗಿ ಜೋಡಿಸಿದ್ದೇವೆ. ಬೆಳಿಗ್ಗೆ ಹಾಲು ಕರೆದ ಮೇಲೆ ಮತ್ತು ಸಂಜೆ ಕತ್ತಲಾಗುವ ಮುಂಚೆ ಜೋಡಿಮನೆಯವರ ಮುಖ ನೋಡಲೇಬೇಕು, ಕೂಗಿ ಕೇಳಿದರೆ ಸಾಲದು. ನಿಮ್ಮಲ್ಲಿ ಹನ್ನೊಂದು ಮನೆಗಳಿರುವುದರಿಂದ ಒಂದು ಕಡೆ ಮೂರು ಮನೆಗಳ ಗುಂಪಾಗಲಿ. ರಾತ್ರಿಯ ತುರ್ತಿಗೆ ಜಾಗಟೆ ಅಥವಾ ಸೀಟಿ ಮೂರು ಸಲ, ಬಿಟ್ಟು ಬಿಟ್ಟು. ಜಡಿಮಳೆಯಲ್ಲಿ ಶಬ್ದ ದೂರ ಹೋಗುವುದಿಲ್ಲ, ಹಾಗಾಗಿ ಕಣ್ಣಿಗೆ ಕಾಣುವ ಮನೆಗಳ ನಡುವೆ ಟಾರ್ಚಿನ ಸನ್ನೆಯೂ ಇರಲಿ. ಹಳ್ಳದಾಚೆಯ ಮನೆಗೆ ಜೋಡಿಯಾಗಿ ಈಚೆ ದಡದ ಮನೆಯನ್ನು ಆರಿಸಬೇಡಿ. ಆಚೆ ದಡದಲ್ಲೇ ಪಕ್ಕದ ಊರಿನ ಮನೆಯಿದ್ದರೆ ಅವರನ್ನೂ ಸಭೆಗೆ ಕರೆಯಿರಿ. ಟವರಿನ ಬ್ಯಾಟರಿ ಮುಗಿಯುವ ತನಕ ಕರೆ ಹೋಗದಿದ್ದರೂ ಎಸ್‌ಎಂಎಸ್ ಹೋಗುವುದುಂಟು. ಆದ್ದರಿಂದ ಕರೆಂಟ್ ಹೋದ ಮೊದಲ ಗಂಟೆಯಲ್ಲೇ ಪ್ರತಿ ಮನೆಯಿಂದ ಬೆಂಗಳೂರಿನ ಮಕ್ಕಳಿಗೆ ಒಂದು ಸಾಲಿನ ಸಂದೇಶ ಕಳುಹಿಸಿ, ಆಮೇಲೆ ಫೋನನ್ನು ಆಫ್ ಮಾಡಿಡಿ. ಒಂದು ಮನೆಯಲ್ಲಾದರೂ ಸೆಲ್ ಹಾಕಿದ ರೇಡಿಯೊ ಇರಲಿ, ಭದ್ರಾವತಿ ಆಕಾಶವಾಣಿಯ ಪ್ರದೇಶ ಸಮಾಚಾರವನ್ನು ಕೇಳಿದವರು ಸಂಜೆಯ ಭೇಟಿಯಲ್ಲಿ ಉಳಿದವರಿಗೆ ತಿಳಿಸಲಿ.

ನಿವೃತ್ತ ಲೈನ್‌ಮನ್ ಅವರ ಉತ್ತರ

ಜೋಡಿಮನೆಯ ಪಟ್ಟಿಯ ಒಂದು ಪ್ರತಿಯನ್ನು ನಿಮ್ಮ ಭಾಗದ ಲೈನ್‌ಮನ್ನಿಗೂ, ಆಶಾ ಕಾರ್ಯಕರ್ತೆಗೂ, ಪಂಚಾಯಿತಿ ಸದಸ್ಯರಿಗೂ ಕೊಡಿ. ಒಂಟಿ ಹಿರಿಯರಿರುವ ಮನೆಗಳಿಗೆ ಗುರುತು ಹಾಕಿರಿ. ಲೈನು ನೋಡಲು ಕಾಡುದಾರಿಯಲ್ಲಿ ನಡೆದು ಬರುವವರು ಆ ಮನೆಯ ಅಂಗಳ ಹಾಯ್ದೇ ಹೋಗುತ್ತಾರೆ. ಅಲ್ಲಿ ಯಾರಿದ್ದಾರೆಂದು ಗೊತ್ತಿದ್ದರೆ ನಿಂತು ವಿಚಾರಿಸಿಕೊಂಡು ಹೋಗುತ್ತಾರೆ.